ಹೆಬ್ಬಳ್ಳಿ ರಸ್ತೆಯ ಕೆಲಸಕ್ಕೆ ಯಾರೂ ಹೆಸರು ಸೂಚಿಸಲಿಲ್ಲ

ಮಾಸ್ಕುಗಳು ಮೂಗಿನಿಂದ ಗದ್ದಕ್ಕೆ ಇಳಿದು, ಇನ್ನೂ ಜೇಬಿಗೆ ಸೇರಿರದ ವರ್ಷ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಾರ್ಖಾನೆಗಳಿಗೆ ತಾಂತ್ರಿಕ ಕೆಲಸಗಾರರನ್ನು ಒದಗಿಸುವ ಏಜನ್ಸಿ ನಡೆಸುತ್ತಿದ್ದೆ. ಏಜನ್ಸಿ ಎಂದರೆ ಎರಡು ಟೇಬಲ್ಲು, ಒಂದು ಫ್ಯಾನು ಮತ್ತು ನಾನು. ಫಲಕದ ಮೇಲೆ ‘ಮಾನವ ಸಂಪನ್ಮೂಲ ಸಲಹೆಗಾರರು’ ಎಂದು ಬರೆಸಿದ್ದೆ. ಕೆಳಗಿನ ಟೈರ್ ಅಂಗಡಿಯವನು ಮಾತ್ರ ಬಂದವರಿಗೆಲ್ಲ “ಮಂದಿ ಕಳಸೂ ದೇಸಾಯರು ಮ್ಯಾಲೆ ಅದಾರ, ಹೋಗ್ರಿ” ಎಂದು ಹೇಳಿ ನನ್ನ ಹುದ್ದೆಯನ್ನು ಅದರ ಯೋಗ್ಯ ಸ್ಥಾನಕ್ಕೆ ಇಳಿಸುತ್ತಿದ್ದ.

ನನ್ನ ಬಳಿ ಬರುವವರು ಹೆಚ್ಚಾಗಿ ಕಾಂಟ್ರಾಕ್ಟರುಗಳು. ಸೇತುವೆ ಕಟ್ಟಿ, ಅದು ಬಿದ್ದ ಮೇಲೆ ಪತ್ರಿಕೆಯಲ್ಲಿ ಬರುವ ದೊಡ್ಡ ಕಾಂಟ್ರಾಕ್ಟರುಗಳಲ್ಲ. ಬಾಯ್ಲರ್, ಕಂಪ್ರೆಸರ್, ಜನರೇಟರ್ ನೋಡಿಕೊಳ್ಳಬಲ್ಲ, ತಮ್ಮ ಸ್ಪ್ಯಾನರ್ ತಾವೇ ತರುವ, ಯಾರ ಕಾಯಂ ನೌಕರರೂ ಅಲ್ಲದೆ ಆರಾರು ತಿಂಗಳ ಕರಾರಿನ ಮೇಲೆ ದುಡಿಯುವ ಒಂಟಿ ಮನುಷ್ಯರು. ಧಣಿಗೂ ಇವರಿಗೂ ನಡುವೆ ನಾನು. ಮದುವೆ ದಲಾಲನ ಕೆಲಸವೇ. ಊಟ ಮಾತ್ರ ಇರುವುದಿಲ್ಲ.

ಕೆಲಸ ಒಪ್ಪಿಕೊಳ್ಳಲು ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ. ಹೂಂ ಎಂದರೆ ಆಯಿತು. ಒಲ್ಲೆ ಎನ್ನುವುದಕ್ಕೆ ಮಾತ್ರ ಲಗ್ನಕ್ಕಿಂತ ಹೆಚ್ಚು ವಿಧಿಗಳಿವೆ. ಫೋನಿನಲ್ಲಿ ಹೇಳಬಾರದು, ಖುದ್ದಾಗಿ ಬರಬೇಕು. ಬಂದವನು ಮೊದಲು ಚಹಾ ಕುಡಿಯಬೇಕು. ಕುಡಿಯುವವರೆಗೆ ಬಿಸಿಲು, ಧೂಳು, ಅಗೆದು ಬಿಟ್ಟ ರಸ್ತೆ ಇವುಗಳ ಬಗ್ಗೆ ಮಾತಾಡಬೇಕು. ಕಪ್ಪು ಕೆಳಗಿಟ್ಟ ಮೇಲೆ ಕಾರಣ ಹೇಳಬೇಕು. ಆ ಕಾರಣ ತನ್ನ ಮನೆಯದಾಗಿರಬೇಕು. ಪಾರ್ಟಿಯ ಬಗ್ಗೆ, ಅಂದರೆ ಕೆಲಸ ಕೊಟ್ಟ ಧಣಿಯ ಬಗ್ಗೆ, ಒಂದು ಕೆಟ್ಟ ಮಾತೂ ಬಾಯಿಂದ ಬೀಳಬಾರದು. ಏಜಂಟನಾದವನು ಆ ಕಾರಣವನ್ನು ನಂಬಿದ ಮುಖ ಮಾಡಬೇಕು, ಎರಡನೇ ಸಲ ಕೇಳಬಾರದು. ಕೊನೆಗೆ ಎದ್ದು ಹೋಗುವಾಗ ಬಂದವನು ತನ್ನ ಬದಲಿಗೆ ಇನ್ನೊಬ್ಬನ ಹೆಸರು ಸೂಚಿಸಬೇಕು. ಈ ಕಡೆಯ ವಿಧಿ ಬಹಳ ಮುಖ್ಯ. ಗಿರಾಕಿಯನ್ನು ಬರಿಗೈಯಲ್ಲಿ ಬಿಟ್ಟು ಹೋಗುವುದು ನಮ್ಮ ಧಂದೆಯಲ್ಲಿ ಎಂಜಲ ಎಲೆ ಬಿಟ್ಟು ಎದ್ದು ಹೋದಷ್ಟೇ ಅಸಹ್ಯ.

ಆ ಬೇಸಿಗೆಯಲ್ಲಿ ನನಗೆ ಬಂದ ಕೆಲಸ ಹೆಬ್ಬಳ್ಳಿ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನದು. ಒಣಮೆಣಸಿನಕಾಯಿ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಬೆಲೆ ಏರುವವರೆಗೆ ಅದರ ಕೆಂಪು ಉಳಿಯಬೇಕಾದರೆ ತಂಪಿನಲ್ಲಿಡಬೇಕು. ಅದಕ್ಕೆಂದು ನಾಲ್ಕು ದೊಡ್ಡ ಕೋಣೆಗಳು. ಅವಕ್ಕೆ ಚೇಂಬರ್ ಎನ್ನುತ್ತಾರೆ. ಒಳಗೆ ಮಾಳಿಗೆ ಎತ್ತರಕ್ಕೆ ಚೀಲದ ಮೇಲೆ ಚೀಲ. ಅಮೋನಿಯಾ ಅನಿಲದಿಂದ ನಡೆಯುವ ಕಂಪ್ರೆಸರ್ ಆ ಕೋಣೆಗಳನ್ನು ತಣ್ಣಗಿಡುತ್ತದೆ. ಬಾಗಿಲು ಗೋಡೆಯಷ್ಟೇ ದಪ್ಪ. ಹಾಕಿದ ಮೇಲೆ ಒಳಗಿನ ಸದ್ದು ಹೊರಗೆ ಬರುವುದಿಲ್ಲ, ಹೊರಗಿನದು ಒಳಗೆ ಹೋಗುವುದಿಲ್ಲ. ಧಣಿಗೆ ಬೇಕಾದದ್ದು ಸಂಜೆ ಪಾಳಿಗೆ ಒಬ್ಬ ಆಪರೇಟರ್. ಕಂಪ್ರೆಸರ್ ನೋಡಿಕೊಳ್ಳುವುದು, ಹಮಾಲರು ಹೋದ ಮೇಲೆ ಚೇಂಬರುಗಳ ಬಾಗಿಲು ಹಾಕುವುದು. ಆರು ತಿಂಗಳು ಸರಿಯಾಗಿ ಮಾಡಿದರೆ ಕಾಯಂ. ಗೋಕುಲ ರಸ್ತೆಯಲ್ಲಿ ‘ಕಾಯಂ’ ಎಂಬ ಪದ ಕೇಳಿದರೆ ಜನ ನಿಂತಲ್ಲೇ ಕೈಮುಗಿಯುತ್ತಿದ್ದ ಕಾಲ ಅದು.

ಬಾಗಿಲು ಹಾಕುವುದರಲ್ಲಿ ಒಂದು ಪದ್ಧತಿಯಿದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಮಾಘ ಮಾಸದ ಚಳಿ. ಹೀಗಾಗಿ ಹಮಾಲರು ಕಣ್ಣು ತಪ್ಪಿಸಿ ಚೀಲಗಳ ಹಿಂದೆ ಒಂದಿಷ್ಟು ಅಡ್ಡಾಗುವುದುಂಟು. ಆದ್ದರಿಂದ ದೀಪ ಆರಿಸಿ ಬಾಗಿಲು ದಬ್ಬುವ ಮೊದಲು ಆಪರೇಟರ್ ಹೊಸ್ತಿಲಲ್ಲಿ ನಿಂತು “ಯಾರರ ಅದೀರೇನು?” ಎಂದು ಗಟ್ಟಿಯಾಗಿ ಕರೆಯಬೇಕು. ಉತ್ತರ ಬಂದರೆ ಆ ಮನುಷ್ಯ ಹೊರಗೆ ಬರುವವರೆಗೆ ಬಾಗಿಲು ಮುಟ್ಟಕೂಡದು. ಬರದಿದ್ದರೆ ಹಾಕಬೇಕು. ಒಳಗಿನಿಂದ ಬಾಗಿಲು ತೆಗೆಯಲು ಗುಂಡಿ ಇರುತ್ತದೆ, ನಿಜ. ಆದರೆ ಕತ್ತಲಲ್ಲಿ, ಚಳಿಗೆ ಸೆಟೆದ ಬೆರಳಿನಲ್ಲಿ ಅದನ್ನು ಹುಡುಕುವ ಪ್ರಸಂಗವನ್ನು ಯಾರ ಮೇಲೂ ತರಬಾರದು ಎಂಬುದೇ ಈ ಪದ್ಧತಿಯ ತಾತ್ಪರ್ಯ.

ಮೊದಲು ಕಳಿಸಿದವನು ಮುಗದದ ಬಸವರಾಜ. ಗಟ್ಟಿ ಆಳು. ಸ್ವಲ್ಪ ದಿನಕ್ಕೇ ನನ್ನೆದುರು ಬಂದು ಕೂತ. ಚಹಾ ಕುಡಿದ. ಬಿಸಿಲಿನ ಬಗ್ಗೆ ಮಾತಾಡಿದ. ಕಪ್ಪು ಕೆಳಗಿಟ್ಟು, “ಅತ್ತಿ ಮೊಣಕಾಲ ಭಾಳ ಕೆಟ್ಟೇತ್ರಿ ಅಣ್ಣಾರ, ದಿನಾ ಸಂಜಿಕ ಎಣ್ಣಿ ತಿಕ್ಕಬೇಕ್ರಿ” ಎಂದ. ಅಳಿಯನೇ ತಿಕ್ಕಬೇಕೆ ಎಂದು ನಾನು ಕೇಳಲಿಲ್ಲ, ನಿಯಮ ನಿಯಮವೇ. ಹೆಸರು ಸೂಚಿಸುತ್ತಾನೆಂದು ಕಾದೆ. ಅವನು ನಮಸ್ಕಾರ ಮಾಡಿ ಮೆಟ್ಟಿಲು ಇಳಿದ.

ಎರಡನೆಯವನು ಗದಗ ರಸ್ತೆಯ ಒಬ್ಬ ಎಲೆಕ್ಟ್ರಿಷಿಯನ್. ಅವನೂ ಬಂದ, ಕುಡಿದ, ಮಗಳ ಶಾಲೆ ಎಂದ, ಎದ್ದ. “ನಿನ್ನ ಕಡೆ ಯಾರರ ಇದ್ರ ಹೇಳಲ್ಲೊ” ಎಂದು ನಾನೇ ನಾಚಿಕೆ ಬಿಟ್ಟು ಕೇಳಿದೆ. ಅವನು ಬಾಗಿಲಲ್ಲಿ ನಿಂತು, ಕಾಕಾ ಎನ್ನುವ ಸಲಿಗೆಯಿದ್ದರೂ ಅಂದು ಅದನ್ನು ಬಳಸದೆ, “ಯಾರೂ ನೆನಪ ಬರವಲ್ಲರ್ರಿ” ಎಂದು ನೆಲ ನೋಡಿದ. ಅಡಚಣೆಯ ಮೊಣಕಾಲುಗಳು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಬೇಕಾದವರ ಹೆಸರಿರಲಿ, ಆಗದವರ ಹೆಸರೂ ಸೂಚಿಸದೆ ಇಬ್ಬರು ಕಾಂಟ್ರಾಕ್ಟರುಗಳು ಒಂದೇ ಕೆಲಸ ಬಿಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು. ಫ್ಯಾನು ತಿರುಗುತ್ತಿದ್ದರೂ ಬೆವರು ಬಂತು ಎಂದು ಬರೆದರೆ ಸುಳ್ಳಾಗುತ್ತದೆ, ಕರೆಂಟ್ ಹೋಗಿತ್ತು. ಆದರೂ ಏನೋ ಒಂದು ಬಗೆಯ ಇರಿಸುಮುರಿಸು ಅಂಟಿಕೊಂಡಿತು.

ಆಗ ದಸ್ತಗೀರ್ ನೆನಪಾದ. ಹಳೇ ಹುಬ್ಬಳ್ಳಿಯವನು, ಐವತ್ತು ದಾಟಿದವನು. ಫ್ರಿಜ್ ಮತ್ತು ಕೂಲರ್ ರಿಪೇರಿಯ ಸ್ವಂತ ಅಂಗಡಿ ಇಟ್ಟಿದ್ದ. ಲಾಕ್‌ಡೌನ್ ಅದನ್ನು ನುಂಗಿತು. ಆ ಮೇಲೆ ಹೆಂಡತಿಯ ತಮ್ಮನ ಬೇಕರಿಯಲ್ಲಿ ಕೂತು ಟೋಸ್ಟು, ಖಾರಿ ಮಾರುತ್ತಿದ್ದ. ನಾನು ಹೋದಾಗ ಒಬ್ಬ ಗಿರಾಕಿ ಬ್ರೆಡ್ಡು ಹಿಚುಕಿ, ತಾಜಾ ಅದೇನ್ರಿ ಎಂದು ಕೇಳುತ್ತಿದ್ದ. ದಸ್ತಗೀರ್ ನನ್ನತ್ತ ನೋಡಿ, “ದೇಸಾಯರ, ಕಂಪ್ರೆಸರ್ ಕೆಟ್ರ ನಾ ಸದ್ದಿನ ಮ್ಯಾಲೆ ಹೇಳ್ತಿದ್ನಿ. ಈ ಬ್ರೆಡ್ಡು ಸದ್ದ ಮಾಡವಲ್ದ್ರಿ” ಎಂದ. ಕೆಲಸದ ವಿಷಯ ಹೇಳಿದೆ. ಕಾಯಂ ಎಂದೆ. ಅವನು ಕೈಯ ಹಿಟ್ಟು ಒರೆಸಿಕೊಂಡು ಒಳಗೆ ಹೋಗಿ, ಅಲ್ಲೇ ಇಟ್ಟುಕೊಂಡಿದ್ದ ತನ್ನ ಹಳೆಯ ಸ್ಪ್ಯಾನರ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಹೆಂಡತಿಯ ತಮ್ಮನಿಗೆ ಒಂದು ಮಾತೂ ಹೇಳಲಿಲ್ಲ. ಆ ಚೀಲ ಅವನ ಹೆಗಲಿಗೆ ಏರಿದ ರೀತಿ ನೋಡಿದಾಗ, ಈ ಕೆಲಸ ಉಳಿಯುವುದು ಅವನಿಗೆ ಎಷ್ಟು ಅಗತ್ಯ ಎಂಬುದು ನನಗೆ ತಿಳಿಯಿತು.

ಹಾಗಾಗಿ, ಕೆಲವು ದಿನಗಳಲ್ಲಿ ಅವನೂ ನನ್ನ ಮೆಟ್ಟಿಲು ಹತ್ತಿ ಬಂದಾಗ ನಾನು ಚಹಾಕ್ಕೆ ಹೇಳಿ, ಮನಸ್ಸಿನಲ್ಲೇ ಮೂರನೇ ಮೊಣಕಾಲಿಗೆ ಸಿದ್ಧನಾದೆ.

“ಚಹಾ ಬ್ಯಾಡ್ರಿ ದೇಸಾಯರ.”

“ಯಾಕೊ? ಶುಗರ್ ಬಂತೇನು?”

“ಚಹಾ ಕುಡುದ್ರ ಆಮ್ಯಾಲೆ ಮನಿ ಕತಿ ಹೇಳಬೇಕಾಗ್ತದ. ನನ್ನ ಮನ್ಯಾಗ ಎಲ್ಲಾರೂ ಆರಾಮ ಅದಾರ್ರಿ.”

ನನ್ನ ಕಚೇರಿಯ ಇತಿಹಾಸದಲ್ಲಿ ಯಾರೂ ಇಂಥ ಅಪಚಾರ ಎಸಗಿರಲಿಲ್ಲ. ನಾನು ಎದ್ದು ಬಾಗಿಲು ಮುಂದೆ ಮಾಡಿದೆ.

“ಮೂರನೇ ಚೇಂಬರ್ ಐತಲ್ರಿ,” ಎಂದ. “ಸಂಜಿಕ ಬಾಗಲಾ ಹಾಕೂ ಮುಂದ ಕರೀತೇವಲ್ಲ, ಆವಾಗ ಒಳಗಿಂದ ‘ಬಂದ್ನಿರಿ, ತಡೀರಿ’ ಅಂತಾರ.”

“ಯಾರು?”

“ಗೊತ್ತಿದ್ರ ಕರಕೊಂಡ ಬಂದು ನಿಮ್ಮ ಚಹಾ ಅಂವಗ ಕುಡಸ್ತಿದ್ನಿ.”

ತಮಾಷೆಯ ಮಾತು, ಆದರೆ ಮುಖದಲ್ಲಿ ತಮಾಷೆ ಇರಲಿಲ್ಲ. ಟಾರ್ಚ್ ಹಿಡಿದು ಮೂಲೆ ಮೂಲೆ ಹುಡುಕಿದ್ದನಂತೆ. ಚೀಲ ಬಿಟ್ಟು ಮತ್ತೇನೂ ಇಲ್ಲ. ಹೊರಗೆ ಬಂದು ಮತ್ತೆ ಕರೆದರೆ ಮತ್ತೆ ಅದೇ ಉತ್ತರ. “ಅಂಜಸೂ ದನಿ ಅಲ್ರಿ ಅದು. ಹೆಗಲ ಮ್ಯಾಲೆ ಚೀಲಾ ಇದ್ದ ಮನಶ್ಯಾ ಮಾತಾಡಿದಂಗ. ಇದೊಂದ ಇಟ್ಟು ಬಂದ ಬಿಡತೇನಿ ಅನ್ನೂಹಂಗ. ಬರ್ತೇನಿ ಅಂದಾವನ ಮುಖದ ಮ್ಯಾಲೆ ಬಾಗಲಾ ಹೆಂಗ ಹಾಕೂದು? ತಡದ್ನಿ. ತಡದಷ್ಟೂ ಒಳಗಿನ ತಂಪ ಇಳೀತು. ಸಾವಕಾರ್ರು ಬೈದ್ರು.”

“ಆಮ್ಯಾಲೆ?”

ದಸ್ತಗೀರ್ ತನ್ನ ಅಂಗೈ ನೋಡಿಕೊಂಡ.

“ಆಮ್ಯಾಲೆ ಕರಿಯೂದನ ಬಿಟ್ನಿ. ನಿನ್ನೆನೂ ಕರೀಲಿಲ್ಲ, ಮೊನ್ನೆನೂ ಕರೀಲಿಲ್ಲ. ಕಣ್ಣ ಮುಚ್ಚಿ ಬಾಗಲಾ ದಬ್ಬಿದ್ನಿ. ಮನಿಗೆ ಹೋದ್ರ ನಿದ್ದಿ ಹತ್ತವಲ್ದು. ದೆವ್ವಕ್ಕ ಅಂಜಿ ಅಲ್ರಿ ದೇಸಾಯರ. ಖರೇನ ಒಬ್ಬ ಹಮಾಲ ಒಳಗ ಮಲಗಿದ್ದಾ ಅಂದ್ರ? ಕರದ್ರ ಹಾಕಾಕ ಆಗಂಗಿಲ್ಲ, ಕರೀದನ ಹಾಕಬಾರದು. ಇಂಥಾ ಕೆಲಸಾ ಯಾ ಮನಶ್ಯಾ ಮಾಡ್ಯಾನು? ನಾ ಮತ್ತ ಬ್ರೆಡ್ ಮಾರತೇನಿ. ಮತ್ತ ಇನ್ನೊಬ್ರ ಹೆಸರ ಮಾತ್ರ ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ.”

ಅವನೆದುರೇ ಬಸವರಾಜನಿಗೆ ಫೋನ್ ಹಚ್ಚಿದೆ. ಮೂರನೇ ಚೇಂಬರ್ ಎಂದಷ್ಟೇ ಹೇಳಿದೆ. ಆ ಕಡೆ ಎಲ್ಲೋ ಒಂದು ಎಮ್ಮೆ ಕೂಗಿತು.

“ಅಣ್ಣಾರ,” ಎಂದ ಬಸವರಾಜ ಕೊನೆಗೆ, “ಈಗ ಯಾರದಾರ ಅಲ್ಲೆ?”

“ದಸ್ತಗೀರ್.”

“ಕರೀಬ್ಯಾಡ್ರಿ ಅಂತ ಹೇಳ್ರಿ ಅವರಿಗೆ. ನಾನೂ ಕರೀತಿದ್ದಿಲ್ಲ.” ಫೋನ್ ಕಟ್ಟಾಯಿತು.

ಆಗ ನನಗೆ ಹೆದರಿಕೆಯಾಯಿತು. ಒಳಗಿನ ದನಿಗಲ್ಲ. ಒಬ್ಬರಾದ ಮೇಲೆ ಒಬ್ಬರು ಆಪರೇಟರುಗಳು ಆ ದನಿ ಕೇಳಬಾರದೆಂದು ಕರೆಯುವುದನ್ನೇ ಬಿಟ್ಟು, ಸಭ್ಯತೆಯಿಂದ ನನ್ನ ಚಹಾ ಕುಡಿದು ಹೋಗಿದ್ದರು. ಎಲ್ಲರ ಮಾನ ಉಳಿದಿತ್ತು. ಒಬ್ಬ ಹಮಾಲ ಒಂದು ಸಂಜೆ ಚೀಲದ ಹಿಂದೆ ಕಣ್ಣು ಮುಚ್ಚಿದ್ದರೆ, ಅವನ ಪ್ರಾಣವೊಂದು ಉಳಿಯುತ್ತಿರಲಿಲ್ಲ.

“ಈ ಸಂಜಿ ನಾನೂ ಬರ್ತೇನಿ, ನಡಿ” ಎಂದೆ.

ನನ್ನ ಸ್ಕೂಟರಿನ ಮೇಲೆ ಹೋದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಮೆಣಸಿನಕಾಯಿಯ ಘಾಟು ಗೇಟಿನಲ್ಲೇ ಮೂಗಿಗೆ ಬಡಿದು, ನಾನು ಗಂಭೀರವಾಗಿ ಪ್ರವೇಶಿಸಬೇಕಾದವನು ಸೀನುತ್ತ ಪ್ರವೇಶಿಸಿದೆ. ಹಮಾಲರು ತೊಟ್ಟಿಯಲ್ಲಿ ಮುಖ ತೊಳೆದುಕೊಂಡು ಟೆಂಪೊ ಹತ್ತುತ್ತಿದ್ದರು. ಅವರ ಮುಖ್ಯಸ್ಥನಾದ ಮುಕಾದಮ ತಲೆ ಎಣಿಸಿ, “ಎಲ್ಲಾರೂ ಹೊರಗ ಅದಾರ್ರಿ” ಎಂದ. ಟೆಂಪೊ ಹೋಯಿತು. ಕಂಪ್ರೆಸರಿನ ಸದ್ದು ಒಂದೇ ಉಳಿಯಿತು.

ಮೊದಲ ಚೇಂಬರಿನಲ್ಲಿ ದಸ್ತಗೀರ್ ಕರೆದ. ಉತ್ತರವಿಲ್ಲ. ಬಾಗಿಲು ಹಾಕಿದ. ಎರಡನೆಯದರಲ್ಲೂ ಹಾಗೆಯೇ. ಉತ್ತರ ಬಾರದಿರುವುದು ಇಷ್ಟೊಂದು ಹಿತವಾಗಿರುತ್ತದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಮೂರನೆಯದಕ್ಕೆ ಬಂದಾಗ ಅವನು ಸ್ಪ್ಯಾನರ್ ಚೀಲವನ್ನು ಬಾಗಿಲಿಗೆ ಅಡ್ಡ ಇಟ್ಟು, “ನೀವ ಕರೀರಿ” ಎಂದ. ದಾರಿಯುದ್ದಕ್ಕೂ ನಾನು ಒಂದು ಸಿದ್ಧಾಂತ ಕಟ್ಟಿಕೊಂಡು ಬಂದಿದ್ದೆ: ಪ್ರತಿಧ್ವನಿ. ಖಾಲಿ ಮೂಲೆ, ದಪ್ಪ ಗೋಡೆ, ತಣ್ಣನೆಯ ಗಾಳಿ, ಇತ್ಯಾದಿ. ಗಂಟಲು ಸರಿಮಾಡಿಕೊಂಡು, ಸಂದರ್ಶನಕ್ಕೆ ಅಭ್ಯರ್ಥಿಯನ್ನು ಒಳಗೆ ಕರೆಯುವ ದನಿಯಲ್ಲಿ ಕರೆದೆ.

“ಯಾರರ ಅದೀರೇನು?”

ಒಳಗೆ ಕತ್ತಲು. ಕಾಲಿನ ಮೇಲೆ ತಣ್ಣನೆಯ ಗಾಳಿ ನೀರಿನಂತೆ ಹರಿಯುತ್ತಿತ್ತು.

“ಬಂದ್ನಿರಿ, ತಡೀರಿ.”

ಹತ್ತಿರವೂ ಅಲ್ಲ, ದೂರವೂ ಅಲ್ಲ. ಏದುಸಿರು ಸ್ವಲ್ಪ. ನಾನು ಕಲಿತ ಶಾಲೆಯಲ್ಲಿ ಪ್ರತಿಧ್ವನಿ ಎಂದರೆ ನಾವು ಅಂದದ್ದನ್ನೇ ತಿರುಗಿ ಅನ್ನುವುದು; ಕೇಳಿದ ಪ್ರಶ್ನೆಗೆ, ಅದೂ ಮರ್ಯಾದೆಯಿಂದ, ಉತ್ತರ ಕೊಡುವುದಲ್ಲ. ನನ್ನ ಸಿದ್ಧಾಂತ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಿತು. ನಾವಿಬ್ಬರೂ ಒಳಗೆ ಹೋದೆವು. ಹೋಗದೆ ವಿಧಿಯಿರಲಿಲ್ಲ, ಯಾಕೆಂದರೆ ಬರುತ್ತೇನೆ ಎಂದವನು ಬಂದಿರಲಿಲ್ಲ.

ಚೀಲಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ಹೋಗುವಷ್ಟೇ ದಾರಿ. ಟಾರ್ಚಿನ ಬೆಳಕಿನಲ್ಲಿ ನಮ್ಮ ಉಸಿರು ಹೊಗೆಯಾಗಿ ಏಳುತ್ತಿತ್ತು. ಆ ಹೊಗೆಗಳು ಎರಡೇ ಇವೆಯೇ ಎಂದು ನಾನು ನೋಡಿಕೊಂಡೆ. ಪದವೀಧರನಾದವನು ಇದನ್ನು ಬರೆಯಲು ನಾಚಬೇಕು. ಎರಡೇ ಇದ್ದವು. ಹಿಂದಿನ ಗೋಡೆಯವರೆಗೆ ಹೋದೆವು. ಅಲ್ಲಿ ಏನೂ ಇರಲಿಲ್ಲ. ಗೋಡೆಗೆ ಕೈಯಿಟ್ಟರೆ ಮಂಜು ಅಂಗೈಗೆ ಅಂಟಿತು. ತಿರುಗಿ ನೋಡಿದಾಗ ಬಾಗಿಲಿನ ಬೆಳಕು ಬಹಳ ಸಣ್ಣದಾಗಿ ಕಂಡಿತು. ದಸ್ತಗೀರ್ ನನ್ನ ತೋಳು ಹಿಡಿದುಕೊಂಡ. ನಾನು ಬಿಡಿಸಿಕೊಳ್ಳಲಿಲ್ಲ.

ಹೊರಗೆ ಬರುವಷ್ಟರಲ್ಲಿ ಧಣಿಯ ಕಾರು ಬಂದು ನಿಂತಿತು. ಸಾವಕಾರ್ರು. ನಲವತ್ತೈದರ ಆಸುಪಾಸಿನ, ತಂದೆಯಿಂದ ಈ ಕೋಲ್ಡ್ ಸ್ಟೋರೇಜನ್ನೂ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಚಟವನ್ನೂ ಪಡೆದ ಮನುಷ್ಯ.

“ಏನ್ ದೇಸಾಯರ, ನೀವೂ ಹಮಾಲಿ ಚಾಲೂ ಮಾಡಿದ್ರೇನು? ಬಾಗಲಾ ಹಾಕಸ್ರಿ ಲಗೂ. ಮಾಲ ಕೆಡತೈತಿ.”

“ಹಾಕೂಣಂತ. ಮೊದಲ ನೀವ ಒಂದ ಸಲ ಕರೀರಿ ಸಾವಕಾರ್ರ. ಉತ್ತರಾ ಬರಲಿಲ್ಲಂದ್ರ ನನ್ನ ಕೈಲೇ ಬಾಗಲಾ ಹಾಕತೇನಿ.”

ಅವರು ನಕ್ಕರು. “ಇದೇನ ಹುಡುಗಾಟ್ರಿ” ಎಂದು ಹೊಸ್ತಿಲವರೆಗೆ ಬಂದರು. ಬಾಯಿ ತೆರೆದರು. ಮುಚ್ಚಿದರು. ಕೈ ಮೆಲ್ಲಗೆ ಮೇಲೆದ್ದು ಕತ್ತು ಮುಟ್ಟಿತು.

“ಇಲ್ರಿ,” ಎಂದರು. “ಇವತ್ತ ನನಗ ಗಂಟಲಾ ಕಟ್ಟೇತಿ.”

ಈ ಮಾತನ್ನು ಅವರು ಗಂಟೆ ಬಾರಿಸಿದಂಥ ಸ್ವಚ್ಛ ದನಿಯಲ್ಲಿ ಹೇಳಿದರು. ಇಷ್ಟು ವರ್ಷ ಒಲ್ಲೆ ಎನ್ನುವವರನ್ನೇ ನೋಡಿ ತಲೆ ನರೆತವನು ನಾನು. ತನ್ನದೇ ಮೈಯ ಕಾರಣ, ಯಾರ ಬಗ್ಗೆಯೂ ಕೆಟ್ಟ ಮಾತಿಲ್ಲ, ಲಕ್ಷಣವಾದ ನಿರಾಕರಣೆ. ಸಾವಕಾರ್ರಿಗೂ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು.

ನಾನು ಗೇಟಿನ ಆಚೆಯ ಗಾಡಿಯಿಂದ ಮೂರು ಚಹಾ ತರಿಸಿದೆ. ಬಾಗಿಲು ತೆರೆದೇ ಇತ್ತು. ಮಾಲು ಕೆಡುವ ಮಾತನ್ನು ಯಾರೂ ಎತ್ತಲಿಲ್ಲ. ನಿಯಮದ ಪ್ರಕಾರ ಎರಡನೇ ಸಲ ಕೇಳಬಾರದು. ನಾನು ಕೇಳಿದೆ.

“ಸಾವಕಾರ್ರ, ಯಾರ್ರಿ ಅಂವಾ?”

ಅವರು ಕುಡಿಯದೆಯೇ ಕಪ್ಪು ಕೆಳಗಿಟ್ಟರು. “ಅಪ್ಪನ ಕಾಲದ್ದು. ನಾ ಕಾಲೇಜಿಗೆ ಹೋಗತಿದ್ನಿ. ಹಂಗಾಮಿ ಹಮಾಲ ಒಬ್ಬಾಂವ. ಆವತ್ತಿನ ಆಪರೇಟರ್ ಕರದಾನ. ಅಂವಾ ‘ಬಂದ್ನಿರಿ, ತಡೀರಿ’ ಅಂದಾನ. ಅಷ್ಟರಾಗ ಇವಗ ಯಾರೋ ಕಂಪ್ರೆಸರ್ ಕಡೆ ಕೂಗಿ ಕರದ್ರಂತ. ಹೋಗಿ ತಿರಗಿ ಬಂದು, ಅಂವಾ ಹೊರಗ ಬಂದಿರಬೇಕಂತ ತಿಳದು ಬಾಗಲಾ ಹಾಕ್ಯಾನ. ಆವಾಗ ಒಳಗ ಗುಂಡಿ ಇದ್ದಿಲ್ಲ.”

“ಮರದಿನಾ ಹುಡುಕಲಿಲ್ಲೇನ್ರಿ?” ಎಂದ ದಸ್ತಗೀರ್.

“ಯಾಕ ಹುಡುಕತಾರ? ಮುಕಾದಮ ಸಿಟ್ಟಾದ. ‘ಹೇಳದ ಕೇಳದ ಬಿಟ್ಟ ಹೋದ, ಮರ್ಯಾದಿ ಇಲ್ಲದ ನನ್ಮಗ’ ಅಂತ ಬೈದು ಬ್ಯಾರೇದಾವನ ಹಚಗೊಂಡ. ಮನಿಯವರು ಕೇಳಾಕ ಬಂದ್ರು. ಅವರಿಗೂ ಅದನ್ನ ಹೇಳಿದ್ರು. ಅಂವನ ಹೇಣ್ತಿ ಗೇಟಿನ್ಯಾಗ ನಿಂತು, ‘ನಮ್ಮನಿಯವ್ರು ಹೇಳದ ಹೋಗೂ ಪೈಕಿ ಅಲ್ರಿ’ ಅಂದಳಂತ. ಯಾರ ಕೇಳ್ತಾರ? ಚೇಂಬರ್ ತುಂಬಿತ್ತು. ರೇಟ್ ಏರೂತನಕ ತಗೀಲಿಲ್ಲ.” ಅವರು ಬಾಗಿಲಿಗೆ ಬೆನ್ನು ತಿರುಗಿಸಿದರು. “ಆಮ್ಯಾಲೆ ಪೊಲೀಸರು ಬಂದ್ರು. ಅಪ್ಪ ಆ ಮನಿಯವರಿಗೆ ಕೈಲಾದದ್ದ ಮಾಡಿದ. ಒಳಗ ಗುಂಡಿ ಕೂಡ್ರಿಸಿದ. ಅಷ್ಟ.”

“ಹೆಸರೇನ್ರಿ ಅವರದು?”

“ನನಗ ಗೊತ್ತಿಲ್ಲ.”

ಹೊರಗೆ ಬೆಳಕು ಹೋಗುತ್ತಿತ್ತು. ತೆರೆದ ಬಾಗಿಲಿನಿಂದ ಬರುತ್ತಿದ್ದ ತಂಪು ನಮ್ಮ ಮೂವರ ಚಹಾವನ್ನೂ ಆರಿಸಿಬಿಟ್ಟಿತ್ತು.

ದಸ್ತಗೀರ್ ಕಪ್ಪು ಕೆಳಗಿಟ್ಟ. ಅವನು ಆ ದಿನ ಬಂದದ್ದೇ ಕೆಲಸ ಬಿಡಲು. ಈಗ ಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹೇಳಿದ್ದು ಬೇರೆ.

“ಸಾವಕಾರ್ರ, ನಾ ಕೆಲಸಾ ಬಿಡಂಗಿಲ್ಲ. ಈ ಬಾಗಲಾ ಬಿಚ್ಚಸ್ರಿ. ಉಳದ ಮೂರು ಚೇಂಬರ್ ನಾ ನೋಡಕೊಂತೇನಿ. ಕಂಪ್ರೆಸರ್ ಸದ್ದ ಕೆಡದಂಗ ನೋಡಕೊಂತೇನಿ. ಇದಕ್ಕ ಬಾಗಲಾ ಬ್ಯಾಡ.”

“ತಲಿ ಕೆಟ್ಟೇತೇನೊ? ನಾಕರಾಗ ಒಂದ ಚೇಂಬರ್ ಖಾಲಿ ಬಿಡ್ಲಿ? ಬ್ಯಾರೇ ಆಪರೇಟರ್ ಸಿಗಂಗಿಲ್ಲಂತ ತಿಳದೀಯೇನು?” ಸಾವಕಾರ್ರು ನನ್ನತ್ತ ತಿರುಗಿದರು. “ದೇಸಾಯರ, ನಾಳಿಗೆ ಒಬ್ಬನ್ನ ಕಳಸ್ರಿ.”

ದಸ್ತಗೀರ್ ಸ್ಪ್ಯಾನರ್ ಚೀಲ ಎತ್ತಿಕೊಂಡ. ಅವನ ಕಣ್ಣ ಮುಂದೆ ಮತ್ತೆ ಆ ಬೇಕರಿ ಕಾಣುತ್ತಿತ್ತು, ನನಗೂ ಕಾಣಿಸಿತು.

“ನನ್ನಿಂದ ಆಗಂಗಿಲ್ಲ ಸಾವಕಾರ್ರ,” ಎಂದೆ. “ನಾನೂ ಕೆಲಸಾ ಒಲ್ಲೆ ಅನ್ನಾಕತ್ತೇನಿ. ಚಹಾ ಆಗೇತಿ. ಬಿಸಿಲಿನ ಮಾತು ಬಿಡೂಣು. ಕಾರಣಾ ಏನಂದ್ರ, ನಮ್ಮನ್ಯಾಗೂ ಎಲ್ಲಾರೂ ಆರಾಮ ಅದಾರ. ನಾಳೆ ಗೋಕುಲ ರೋಡಿನ್ಯಾಗ ಬ್ಯಾರೇ ಏಜಂಟರು, ‘ಯಾಕ ಬಿಟ್ರಿ ಆ ಪಾರ್ಟಿ’ ಅಂತ ಕೇಳೇ ಕೇಳ್ತಾರ. ನಾ ಇದ್ದದ್ದ ಇದ್ದಂಗ ಹೇಳತೇನಿ.”

ನಮ್ಮ ಧಂದೆಯಲ್ಲಿ ಇದಕ್ಕಿಂತ ಒರಟಾದ ಮಾತಿಲ್ಲ. ಕೋರ್ಟಿಗೆ ಹೋಗುತ್ತೇನೆ ಎಂದಿದ್ದರೆ ಸಾವಕಾರ್ರು ವಕೀಲರಿಗೆ ಫೋನ್ ಮಾಡುತ್ತಿದ್ದರು. ಕಾರಣ ಹೇಳುತ್ತೇನೆ ಎಂದದ್ದಕ್ಕೆ ಅವರ ಮುಖ ಬಿಳಿ ಅಂಗಿಗೆ ಸರಿಹೊಂದಿತು. ಸಿಟ್ಟಿನಿಂದ ಏನೋ ಅನ್ನಲು ಹೊರಟವರು ಕತ್ತಲ ಬಾಗಿಲಿನತ್ತ ಒಮ್ಮೆ ನೋಡಿದರು. ತಂದೆ ಬಿಟ್ಟು ಹೋದ ಆಸ್ತಿಯಲ್ಲಿ ಇದೂ ಒಂದು ಎಂಬುದನ್ನು ಆ ಕ್ಷಣದಲ್ಲಿ ಒಪ್ಪಿಕೊಂಡರೋ ಏನೋ.

“ಮಾಲ ಬ್ಯಾರೇ ಕಡೆ ಸಾಗಸಾಕ ಟೈಮ್ ಕೊಡ್ರಿ” ಎಂದರು ಸಣ್ಣ ದನಿಯಲ್ಲಿ. “ಅಲ್ಲೀತನಕ ಸಂಜಿಕ ಬಾಗಲಾ ಹಾಕಬ್ಯಾಡ್ರಿ.”

ಚೀಲಗಳೆಲ್ಲ ಹೊರಬಿದ್ದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಬಿಚ್ಚಿದರು. ನಾನೂ ಹೋಗಿದ್ದೆ, ಏಜಂಟನಿಗೆ ಅಲ್ಲೇನೂ ಕೆಲಸವಿಲ್ಲ, ಆದರೂ ಹೋಗಿದ್ದೆ. ತಿರುಗಣಿಯ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ದಸ್ತಗೀರ್ ಒಂದೊಂದನ್ನೇ ಸಮಾಧಾನದಿಂದ ಬಿಡಿಸಿದ. ಹಮಾಲರು ಆ ಭಾರದ ಬಾಗಿಲನ್ನು ಎತ್ತಿ ಅಂಗಳಕ್ಕೆ ಹೊತ್ತೊಯ್ದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಬಿಸಿಲು ಹಿಂದಿನ ಗೋಡೆಯವರೆಗೆ ಹೋಗಿ ಮುಟ್ಟಿತು. ಸಾದಾ ಗೋಡೆ. ಮಂಜು ಕರಗಿ ನೀರು ಇಳಿಯುತ್ತಿತ್ತು.

ದಸ್ತಗೀರ್ ಹೊಸ್ತಿಲಲ್ಲಿ ನಿಂತು, ಹಗಲು ಹೊತ್ತೇ ಆದರೂ, ಪದ್ಧತಿ ಪ್ರಕಾರ ಕರೆದ. “ಯಾರರ ಅದೀರೇನು?”

ನನಗೆ ಯಾವ ಉತ್ತರವೂ ಕೇಳಲಿಲ್ಲ. ಅಂಗಳದಲ್ಲಿ ಹಮಾಲರು ಬಾಗಿಲು ಇಳಿಸುವ ಗದ್ದಲವಿತ್ತು. ನಿಟ್ಟುಸಿರು ಬಿಟ್ಟು, ಮುಗಿಯಿತೆಂದು ನಾನು ತಿರುಗಬೇಕು, ಅಷ್ಟರಲ್ಲಿ ದಸ್ತಗೀರ್ ದಾರಿ ಬಿಡುವವನಂತೆ ಒಂದು ಬದಿಗೆ ಸರಿದು ನಿಂತ. ಖಾಲಿ ಹೊಸ್ತಿಲ ಕಡೆ ತಲೆ ಬಾಗಿಸಿದ.

“ಹೂಂರಿ,” ಎಂದ. “ಹೋಗಿ ಬರ್ರಿ.”

ಬೇಸಿಗೆಯ ಮಧ್ಯಾಹ್ನ. ನನ್ನ ಕಾಲಿಗೆ ತಣ್ಣಗೆ ಏನೋ ಸೋಕಿ ಗೇಟಿನ ಕಡೆ ಹೋಯಿತು.

“ಯಾರಿಗಂದಿ?” ಎಂದು ಕೇಳಿದೆ.

“ನಿಮಗ ಕೇಳಲಿಲ್ಲೇನ್ರಿ?” ದಸ್ತಗೀರ್ ಬೋಲ್ಟುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತ, ಮುಖ ಎತ್ತದೆ ಹೇಳಿದ. “‘ಹೋಗಿ ಬರ್ತೇನ್ರಿ’ ಅಂದ್ರು. ಹೇಣ್ತಿ ಖರೇನ ಹೇಳಿದ್ಳು. ಹೇಳದ ಹೋಗೂ ಪೈಕಿ ಅಲ್ಲ ಆ ಮನಶ್ಯಾ.”

ದಸ್ತಗೀರ್ ಈಗಲೂ ಅಲ್ಲೇ ಇದ್ದಾನೆ, ಕಾಯಂ. ಬಾಗಿಲಿಲ್ಲದ ಮೂರನೇ ಚೇಂಬರಿನಲ್ಲಿ ಹಮಾಲರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾರೆ, ರಾಜಾರೋಷವಾಗಿ ನಿದ್ದೆ ಮಾಡುತ್ತಾರೆ. ಒಳಗೆ ಸೆಕೆ ಎಂದು ತಕರಾರೂ ಇದೆಯಂತೆ.

ನನ್ನ ಕಚೇರಿಯಲ್ಲಿ ಈಗ ಮೊದಲು ಕಾರಣ, ಆಮೇಲೆ ಚಹಾ. ಹಳಬರು ಇದನ್ನು ಸಂಸ್ಕೃತಿಯ ಅವನತಿ ಎಂದು ಭಾವಿಸಿದ್ದಾರೆ. ಒಲ್ಲೆ ಎನ್ನುವವನ ಸಭ್ಯತೆ ಧಣಿಗೆ ಸಲ್ಲುವುದಕ್ಕಿಂತ ಮುಂಚೆ, ಅವನ ಜಾಗಕ್ಕೆ ನಾಳೆ ಹೋಗುವ ಮನುಷ್ಯನಿಗೆ ಸಲ್ಲಬೇಕು ಎಂಬುದು ಆ ಕೆಲಸದಿಂದ ನಾನು ಕಲಿತ ಪಾಠ. ಇನ್ನೊಂದನ್ನೂ ಕಲಿತೆ. ಈಗಿನವರಲ್ಲಿ ಒಲ್ಲೆ ಎಂದು ಹೇಳುವ ತೊಂದರೆಯನ್ನೇ ತೆಗೆದುಕೊಳ್ಳದೆ, ಫೋನ್ ಆರಿಸಿ ಮಾಯವಾಗುವವರು ಬಹಳ. ಉಳಿದ ಏಜಂಟರು ಅಂಥವರನ್ನು ಬೈದು ಮುಂದಿನವನನ್ನು ಹುಡುಕುತ್ತಾರೆ. ನಾನು ಸ್ಕೂಟರ್ ಹತ್ತಿ ಅವರ ಮನೆಗೆ ಹೋಗುತ್ತೇನೆ. ಹೆಚ್ಚಿನ ಸಲ ಆಸಾಮಿ ಮನೆಯಲ್ಲೇ ಇರುತ್ತಾನೆ. ನನ್ನ ದನಿ ಕೇಳಿದ್ದೇ ಹಿತ್ತಲಿನಿಂದ ಓಡುತ್ತಾನೆ. ಓಡಲಿ. ಬಿಸಿಲಿನಲ್ಲಿ ಚಪ್ಪಲಿಯನ್ನೂ ಮೆಟ್ಟದೆ ಓಡುವ ಆ ಬೆನ್ನು ಕಂಡರೆ ನನಗೆ ಎಷ್ಟು ಸಮಾಧಾನವಾಗುತ್ತದೆಂದು ಅವನಿಗೆ ಗೊತ್ತಿಲ್ಲ.